ಬಡಗಣ ಗಡಿಯ ಏಳುಸಾವಿರ ಸೀಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಬೇರೊಂದು ಪ್ರಶ್ನೆಗೆ ಉತ್ತರ ಬರೆಯುವ ಭರದಲ್ಲಿ, 'ಸೋಮವಾರಪೇಟೆ ಕಡೆಯ ಸೀಮೆ ಮೊದಲಿನಿಂದಲೂ ಕೊಡಗಿನ ಭಾಗವೇ' ಎಂದು ಒಂದು ಸಾಲು ಬರೆದುಬಿಟ್ಟಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ಈ ಅಂಕಣಕ್ಕೆ ಇತ್ತೀಚೆಗೆ ಬಂದದ್ದಿಲ್ಲ. ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಗಳಿಂದ ಬಂದವೇ ಹೆಚ್ಚು. ಸುಳ್ಯದಿಂದಲೂ ಪೊನ್ನಂಪೇಟೆಯಿಂದಲೂ ಒಂದೊಂದು ಇವೆ. 'ಮೊದಲಿನಿಂದಲೂ' ಎಂಬ ಪದವನ್ನು ಇತಿಹಾಸ ಬರೆಯುವವನು ಅಳೆದು ತೂಗಿ ಬಳಸಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಕೊಡಗಿನ ಬಡಗಣ ಗಡಿಯ ಆಡಳಿತದ ಹಳೆಯ ಕತೆಗೆ ಬಿಟ್ಟುಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಅಜ್ಜ ಮಡಿಕೇರಿಗೆ ಹೊರಡುವಾಗ 'ಕೊಡಗಿಗೆ ಹೋಗಿ ಬರುತ್ತೇನೆ' ಎನ್ನುತ್ತಿದ್ದರು. ಹಾಗಾದರೆ ನಾವಿರುವುದು ಎಲ್ಲಿ ಎಂದು ಹುಡುಗರಾದ ನಾವು ಕೇಳಿದರೆ 'ನಾವು ಏಳುಸಾವಿರ ಸೀಮೆಯವರು' ಎಂಬ ಉತ್ತರ ಬರುತ್ತಿತ್ತು. ಈ ಏಳುಸಾವಿರ ಏನು? ಈ ಸೀಮೆ ಕೊಡಗಿಗೆ ಸೇರಿದ್ದು ಯಾವಾಗ? — ಕೊಡ್ಲಿಪೇಟೆ

ಉತ್ತರ: ಮಾನ್ಯರೇ, ತಮ್ಮ ಅಜ್ಜನವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ಮಾಡಿದವನು ನಾನು. ಹೇಮಾವತಿ ನದಿಯ ಈಚೆ ದಡದಿಂದ ಸೋಮವಾರಪೇಟೆಯವರೆಗೆ ಹಬ್ಬಿದ ಈ ಭಾಗವನ್ನು ಏಳುಸಾವಿರ ಸೀಮೆ ಎಂದು ಕರೆಯುವ ರೂಢಿ ಬಹಳ ಹಳೆಯದು. ಸಂಖ್ಯೆಯನ್ನು ನಾಡಿನ ಹೆಸರಿಗೆ ಜೋಡಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಎಲ್ಲೆಡೆಯೂ ಇತ್ತು. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000 ಎಂಬ ಹೆಸರುಗಳು ಶಾಸನ ಓದಿದವರಿಗೆಲ್ಲ ಪರಿಚಿತ. ಆ ಅಂಕಿ ಹಳ್ಳಿಗಳನ್ನು ಎಣಿಸುತ್ತದೆಯೋ, ಹುಟ್ಟುವಳಿಯನ್ನು ಸೂಚಿಸುತ್ತದೆಯೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸೋಮವಾರಪೇಟೆ ಸುತ್ತಿನ ಗುಡ್ಡಗಳ ನಡುವೆ ಏಳು ಸಾವಿರ ಹಳ್ಳಿಗಳು ಎಂದೂ ಇರಲು ಸಾಧ್ಯವಿಲ್ಲ ಎಂಬುದನ್ನು ಹೇಳಲು ಮಾತ್ರ ಪಾಂಡಿತ್ಯ ಬೇಕಿಲ್ಲ.

ಈ ಸೀಮೆಯ ಮೊದಲ ಸ್ಪಷ್ಟ ಅರಸುಮನೆ ಕೊಂಗಾಳ್ವರದು. ಚೋಳ ರಾಜರಾಜನ ಪರವಾಗಿ ಪನಸೋಗೆಯ ಕಾಳಗದಲ್ಲಿ ಹೋರಾಡಿದ ಮನಿಜ ಎಂಬ ವೀರನಿಗೆ 1004ರ ಹೊತ್ತಿಗೆ 'ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ' ಎಂಬ ಬಿರುದೂ, ಇಂದಿನ ಸೋಮವಾರಪೇಟೆ ತಾಲ್ಲೂಕಿನ ಮಾಲಂಬಿಯೂ ದೊರೆತವು. ಇವರ ನಾಡು ಬಡಗು ಕೊಡಗನ್ನೂ ಇಂದಿನ ಹಾಸನ ಜಿಲ್ಲೆಯ ಅರಕಲಗೂಡು ಸೀಮೆಯನ್ನೂ ಒಟ್ಟಿಗೆ ಒಳಗೊಂಡಿತ್ತು. ಇಂದು ಹಾಸನ ಮತ್ತು ಕೊಡಗು ಎಂದು ಎರಡು ಬಣ್ಣದಲ್ಲಿ ತೋರಿಸುವ ನೆಲ ಅಂದು ಒಂದೇ ಆಡಳಿತದ ಕೆಳಗೆ ಇತ್ತು. ಶನಿವಾರಸಂತೆಗೆ ಸಮೀಪದ ಮುಳ್ಳೂರಿನ ಜೈನ ಬಸದಿಗಳನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವುಗಳ ಕಟ್ಟಡವೂ ಕನ್ನಡ ಶಾಸನಗಳೂ ಭಾಗಮಂಡಲಕ್ಕಿಂತ ಹೆಚ್ಚಾಗಿ ಬಯಲು ಸೀಮೆಯ ಕಡೆಗೆ ಮುಖ ಮಾಡಿವೆ.

ಕೊಂಗಾಳ್ವರ ಕಾಲಕ್ಕೂ ಮುಂದೆ ಕೊಡಗನ್ನು ಆಳಿದ ಹಾಲೇರಿ ಮನೆತನದ ಅರಸರ ಕಾಲಕ್ಕೂ ನಡುವಿನ ಶತಮಾನಗಳನ್ನು ನಾನು ಇಲ್ಲಿ ಬೇಗ ದಾಟುತ್ತೇನೆ. ತಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಬೇಕಾದುದು 17ನೇ ಶತಮಾನದ ಕೊನೆಯ ಭಾಗ. 1687ರಿಂದ 1736ರವರೆಗೆ ಆಳಿದ ಹಾಲೇರಿಯ ದೊಡ್ಡ ವೀರಪ್ಪನು, ಮೈಸೂರಿನ ಚಿಕ್ಕದೇವರಾಜರು ಬೇಲೂರಿನ ನಾಯಕರ ಸೀಮೆಯ ಮೇಲೆ ಏರಿಹೋದ ಸಂದರ್ಭವನ್ನು ಬಳಸಿಕೊಂಡು ಏಳುಸಾವಿರ ಸೀಮೆಯನ್ನು ತನ್ನ ಕೈಗೆ ತೆಗೆದುಕೊಂಡನು. ಮೈಸೂರು ಸುಮ್ಮನಿರಲಿಲ್ಲ. ಕಡೆಗೆ ಆದ ಏರ್ಪಾಟಿನಂತೆ ಸೀಮೆ ಹಾಲೇರಿಯವರ ಆಡಳಿತದಲ್ಲಿ ಉಳಿಯಿತು, ಆದರೆ ಅದರ ಕಂದಾಯದಲ್ಲಿ ಒಂದು ಪಾಲು ಮೈಸೂರಿಗೆ ಸಲ್ಲಬೇಕಾಯಿತು. ರಾಜ್ಯ ಒಬ್ಬರದು, ಕಂದಾಯ ಇಬ್ಬರದು ಎಂಬ ಈ ಸ್ಥಿತಿಯನ್ನು ಗಮನಿಸಿದರೆ 'ನಾವು ಸೀಮೆಯವರು, ಅವರು ಕೊಡಗಿನವರು' ಎಂಬ ಮಾತು ಜನರ ಬಾಯಲ್ಲಿ ಏಕೆ ಉಳಿಯಿತು ಎಂಬುದು ತಿಳಿಯುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರಾಲಿಯು ಕೊಡಗಿನ ಕಡೆಗೆ ತಿರುಗಿದಾಗಲೂ ಇಬ್ಬರ ನಡುವಿನ ತಕರಾರುಗಳಲ್ಲಿ ಈ ಸೀಮೆಯದೂ ಒಂದಾಗಿತ್ತು.

ಆದ್ದರಿಂದ ತಮ್ಮ ಪ್ರಶ್ನೆಗೆ ಒಂದೇ ತಾರೀಖಿನ ಉತ್ತರವಿಲ್ಲ. ದೊಡ್ಡ ವೀರಪ್ಪನ ಕಾಲಕ್ಕೆ ಸೀಮೆ ಹಾಲೇರಿ ಅರಸರದಾಯಿತು. ಅದು ಕೊಡಗಿನ ಉಳಿದ ನಾಡುಗಳಂತೆ ಒಂದೇ ಕಚೇರಿಯ ದಫ್ತರಕ್ಕೆ ಬಂದದ್ದು 1834ರ ನಂತರ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಕಂಪನಿ ಸರ್ಕಾರದ ದಂಡು ನಾನಾ ದಿಕ್ಕಿನಿಂದ ಕೊಡಗಿನೊಳಗೆ ನುಗ್ಗಿದಾಗ, ಕರ್ನಲ್ ವಾ ಎಂಬವನ ಕೈಕೆಳಗೆ ಬಡಗಿನಿಂದ ಬಂದ ತುಕಡಿ ಶನಿವಾರಸಂತೆ ಕಡೆಯ ಕಾಡುದಾರಿಯ ತಡೆಗೋಟೆಯ ಮುಂದೆ ದೊಡ್ಡ ಪೆಟ್ಟು ತಿಂದಿತು. ಅಲ್ಲಿ ಕೊಡಗಿನ ಪಡೆಯನ್ನು ನಡೆಸಿದವನು ಮಾದಂತ ಅಪ್ಪಚ್ಚು. ಅಷ್ಟಾದರೂ ಬೇರೆ ದಾರಿಗಳಿಂದ ಬಂದ ದಂಡು ಮಡಿಕೇರಿಯನ್ನು ಹಿಡಿದುದರಿಂದ ಈ ಗೆಲುವಿನಿಂದ ಪ್ರಯೋಜನವಾಗಲಿಲ್ಲ.

ಪ್ರಶ್ನೆ: ನಮ್ಮ ಮುತ್ತಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕಂದಾಯ ರಸೀದಿಗಳು ಸಿಕ್ಕಿವೆ. ಅವುಗಳಲ್ಲಿ 'ನಂಜರಾಜಪಟ್ಟಣ ತಾಲ್ಲೂಕು' ಎಂದಿದೆ. 'ಸುಬೇದಾರರು', 'ಪಾರುಪತ್ಯಗಾರರು' ಎಂಬ ಮೊಹರುಗಳಿವೆ. ನಮ್ಮ ಜಮೀನು ಇರುವುದು ಸೋಮವಾರಪೇಟೆ ಪಕ್ಕದಲ್ಲಿ. ನಂಜರಾಯಪಟ್ಟಣ ಎಂಬುದು ದುಬಾರೆಯ ಹತ್ತಿರದ ಒಂದು ಹಳ್ಳಿಯಲ್ಲವೇ? ನಮ್ಮ ಜಮೀನಿಗೂ ಅದಕ್ಕೂ ಏನು ಸಂಬಂಧ? — ಸೋಮವಾರಪೇಟೆ

ಉತ್ತರ: ಆ ರಸೀದಿಗಳನ್ನು ದಯವಿಟ್ಟು ಎಸೆಯಬೇಡಿ, ಪ್ಲಾಸ್ಟಿಕ್ ಹಾಳೆಗೆ ಅಂಟು ಹಾಕಿ ಲ್ಯಾಮಿನೇಟ್ ಕೂಡ ಮಾಡಿಸಬೇಡಿ, ಹಳೆಯ ಕಾಗದ ಉಸಿರಾಡಬೇಕು.

ಬ್ರಿಟಿಷ್ ಆಡಳಿತದಲ್ಲಿ ಕೊಡಗು ಒಂದು ಜಿಲ್ಲೆಯಷ್ಟು ಚಿಕ್ಕದಾಗಿದ್ದರೂ ಅದನ್ನು ಪ್ರತ್ಯೇಕ ಪ್ರಾಂತ್ಯವಾಗಿಯೇ ಇಟ್ಟುಕೊಂಡಿದ್ದರು. ಮೊದಲಿಗೆ ಮೈಸೂರಿನ ಕಮಿಷನರ್ ಅವರ ಕೈಕೆಳಗೆ ಮಡಿಕೇರಿಯಲ್ಲಿ ಒಬ್ಬ ಸೂಪರಿಂಟೆಂಡೆಂಟ್ ಇದ್ದನು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿ ಹೋದಾಗ ಕಮಿಷನರ್ ಹುದ್ದೆ ಹೋಯಿತು. ಆಗ ಬೆಂಗಳೂರಿನಲ್ಲಿದ್ದ ಮೈಸೂರು ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆದರು, ಮಡಿಕೇರಿಯಲ್ಲಿ ಅವರ ಕೆಳಗೆ ಒಬ್ಬ ಕಮಿಷನರ್ ಉಳಿದರು. ಅಂದರೆ ನಿಮ್ಮ ಮುತ್ತಜ್ಜ ಕಟ್ಟಿದ ಕಂದಾಯದ ಲೆಕ್ಕ ಊರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಮಡಿಕೇರಿಗೆ ಹೋಗುತ್ತಿತ್ತು, ಕೊನೆಯ ಮಾತನ್ನು ಮಾತ್ರ ಬೆಂಗಳೂರಿನಲ್ಲಿ ಕುಳಿತವರು ಹೇಳುತ್ತಿದ್ದರು.

1870ರ ದಶಕದಲ್ಲಿ ಈ ಪುಟ್ಟ ಪ್ರಾಂತ್ಯದಲ್ಲಿ ಆರು ತಾಲ್ಲೂಕುಗಳಿದ್ದವು: ಮಡಿಕೇರಿ, ಪಾಡಿನಾಲ್ಕುನಾಡು, ಎಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ ಮತ್ತು ಏಳುಸಾವಿರ ಸೀಮೆ. ಇವುಗಳ ಒಳಗೆ 24 ನಾಡುಗಳು. ಹಾಲೇರಿ ಅರಸರ ಕಾಲಕ್ಕೂ ಹಿಂದಿನಿಂದ ಬಂದ 12 ಕೊಂಬು (ಹಲವು ನಾಡುಗಳು ಸೇರಿದ ಹಳೆಯ ವಿಭಾಗ), 35 ನಾಡು ಎಂಬ ಲೆಕ್ಕವನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರಲ್ಲ, ಆ ಲೆಕ್ಕವನ್ನು ಸರ್ಕಾರಿ ದಫ್ತರ ತನ್ನ ಅನುಕೂಲಕ್ಕೆ ತಕ್ಕಂತೆ ಮಡಚಿ ಚಿಕ್ಕದು ಮಾಡಿಕೊಂಡಿತು. ಹೆಸರುಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ತೆಂಕಣ ತಾಲ್ಲೂಕುಗಳ ಹೆಸರು 'ನಾಡು' ಎಂದೇ ಮುಗಿಯುತ್ತವೆ. ಬಡಗಣ ಎರಡು ತಾಲ್ಲೂಕುಗಳಲ್ಲಿ ಒಂದು 'ಪಟ್ಟಣ', ಇನ್ನೊಂದು 'ಸೀಮೆ'. ತೆಂಕಿನಲ್ಲಿ ನಾಡುಗಳನ್ನು ಜೋಡಿಸಿ ತಾಲ್ಲೂಕು ಮಾಡಿದರು. ಬಡಗಿನಲ್ಲಿ ಬೇರೆ ಬೇರೆ ಅರಸರಿಂದ ಬಂದ ತುಂಡುಗಳನ್ನು ಬಂದ ಹೆಸರಿನಲ್ಲೇ ಉಳಿಸಿಕೊಂಡರು. ಬಡಗಿನ ನಾಡುಗಳ ಪಟ್ಟಿಯಲ್ಲಿ 'ಗಡಿನಾಡು' ಎಂಬುದೇ ಒಂದು ಹೆಸರು. ಅದರ ಜೊತೆಗೆ ರಾಮಸ್ವಾಮಿ ಕಣಿವೆ, ಸೂರ್ಲಬ್ಬಿ ಮುತ್ತುನಾಡು. ಇನ್ನೂ ಮೇಲಕ್ಕೆ ಏಳುಸಾವಿರದಲ್ಲಿ ಕೊಡ್ಲಿ, ಬಿಳಹ, ನಿಡ್ತ ಎಂಬ ವಿಭಾಗಗಳನ್ನು ಬಯಲು ಸೀಮೆಯವರಂತೆ ಹೋಬಳಿ ಎಂದೇ ಕರೆಯುತ್ತಿದ್ದರು.

ಇನ್ನು ನಂಜರಾಜಪಟ್ಟಣ. ದುಬಾರೆಯ ಬಳಿಯ ಇಂದಿನ ನಂಜರಾಯಪಟ್ಟಣವೇ ಅದು, ನಿಮ್ಮ ಊಹೆ ಸರಿ. ಕೊಂಗಾಳ್ವರಂತೆಯೇ ಹಳೆಯ ಮನೆತನವಾದ ಚೆಂಗಾಳ್ವರಲ್ಲಿ ನಂಜರಾಜ ಎಂಬ ಅರಸು 16ನೇ ಶತಮಾನದ ಮೊದಲ ಭಾಗದಲ್ಲಿ ಕಾವೇರಿಯ ದಡದಲ್ಲಿ ಕಟ್ಟಿಕೊಂಡ ರಾಜಧಾನಿ ಅದು. ಚೆಂಗಾಳ್ವರು ಮುಂದೆ ಪಿರಿಯಾಪಟ್ಟಣದಿಂದ ಆಳಿದರು, 1644ರಲ್ಲಿ ಮೈಸೂರಿನವರ ದಾಳಿಯಲ್ಲಿ ಮನೆತನವೇ ನೆಲ ಕಚ್ಚಿತು. ಪಟ್ಟಣ ಹಳ್ಳಿಯಾಯಿತು, ಆದರೆ ಹೆಸರಿನ ಗೌರವ ಉಳಿದು ಒಂದು ತಾಲ್ಲೂಕಿಗೆ ಅಂಟಿಕೊಂಡಿತು. 20ನೇ ಶತಮಾನ ಆರಂಭವಾಗುವ ಹೊತ್ತಿಗೆ ಏಳುಸಾವಿರ ಸೀಮೆ ತಾಲ್ಲೂಕನ್ನು ನಂಜರಾಜಪಟ್ಟಣ ತಾಲ್ಲೂಕಿನೊಳಗೆ ಸೇರಿಸಿ ಆರನ್ನು ಐದು ಮಾಡಿದ್ದರು. ಹೀಗಾಗಿ ಹೇಮಾವತಿ ದಡದ ರೈತನೂ ಕಾಗದದ ಮೇಲೆ ಕಾವೇರಿ ದಡದ ಒಂದು ಮರೆತುಹೋದ ರಾಜಧಾನಿಯ ಪ್ರಜೆಯಾದನು. ಮುಂದೆ ಕಚೇರಿಯೇ ಸೋಮವಾರಪೇಟೆಯಲ್ಲಿ ನೆಲೆಯಾಗಿ ತಾಲ್ಲೂಕಿಗೆ ಅದೇ ಹೆಸರು ಬಂತು.

ಮೊಹರುಗಳ ವಿಷಯ. ಸುಬೇದಾರ ಎಂದರೆ ಇಲ್ಲಿ ಪಲ್ಟಣಿನ ಸುಬೇದಾರ ಅಲ್ಲ. ಕೊಡಗಿನಲ್ಲಿ ತಾಲ್ಲೂಕಿನ ಮುಖ್ಯಸ್ಥನಿಗೆ, ಅಂದರೆ ಬೇರೆ ಕಡೆ ತಹಶೀಲ್ದಾರ ಅಥವಾ ಅಮಲ್ದಾರ ಎನ್ನುವವನಿಗೆ, ಇದ್ದ ಹೆಸರು ಅದು. ಅವನ ಕೆಳಗೆ ನಾಡಿಗೊಬ್ಬ ಪಾರುಪತ್ಯಗಾರ. ಜನರ ಬಾಯಲ್ಲಿ ಅದು 'ಪಾರ್ಪತ್ಯಗಾರ' ಆಗಿತ್ತು. ಅವನು ಕೂರುತ್ತಿದ್ದುದು ನಾಡ ಚಾವಡಿಯಲ್ಲಿ. ಕಂದಾಯ ವಸೂಲಿ, ಜಮೀನಿನ ತನಿಖೆ, ಸಣ್ಣ ಪುಟ್ಟ ತಂಟೆಗಳು ಮೊದಲು ಬರುತ್ತಿದ್ದುದು ಅವನ ಮುಂದೆ. ಅವನ ಕೆಳಗೆ ಊರಿನ ಪಟೇಲ ಮತ್ತು ಲೆಕ್ಕ ಬರೆಯುವ ಶಾನುಭೋಗ. ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿಯೂ ಬಡಗಿಗೂ ತೆಂಕಿಗೂ ವ್ಯತ್ಯಾಸವಿತ್ತು: ಕೊಡವ ನಾಡುಗಳಲ್ಲಿ ಊರಿನ ಮಾತು ತಕ್ಕರದು, ಅಂದರೆ ಪರಂಪರೆಯ ಊರ ಮುಖಂಡರದು, ದೇವನೆಲೆ ಮತ್ತು ಒಕ್ಕಗಳ (ಒಂದೇ ಮೂಲದ ಕುಟುಂಬಗಳ ಬಳಗ) ಮೂಲಕ ಬಂದ ಅಧಿಕಾರ ಅವರದು, ಏಳುಸಾವಿರದಲ್ಲಿ ಪಟೇಲ ಮತ್ತು ಶಾನುಭೋಗರ ಮಾತು, ಹಾಸನ ಮೈಸೂರು ಕಡೆಯ ಯಾವ ಹಳ್ಳಿಯಲ್ಲಿಯೂ ಇರುವಂತೆ. ಮೇಲಿನ ಮೊಹರು ಒಂದೇ ಆದರೂ ಅದರ ಕೆಳಗಿನ ಸಹಿಯನ್ನು ಹಾಕಿದವರು ಎರಡು ಬಗೆಯ ಲೋಕಗಳಿಂದ ಬಂದವರು.

ಪಾರುಪತ್ಯಗಾರ ಎಂಬ ಹೆಸರು 1956ರ ವಿಲೀನದ ಬಳಿಕ ನಿಧಾನವಾಗಿ ಮರೆಯಾಗಿ ಕಂದಾಯ ನಿರೀಕ್ಷಕ ಎಂದಾಯಿತು, ಚಾವಡಿ ನಾಡಕಚೇರಿಯಾಯಿತು. ನಿಮ್ಮ ಪೆಟ್ಟಿಗೆಯಲ್ಲಿರುವುದು ಆ ಹೆಸರುಗಳೆಲ್ಲ ಜೀವಂತವಾಗಿದ್ದ ಕಾಲದ ಕಾಗದ. ಕಂದಾಯ ಇಲಾಖೆಯ ದಫ್ತರಗಳ ಧೂಳಿನಲ್ಲಿಯೇ ಅರ್ಧ ಆಯುಷ್ಯ ಕಳೆದ ನನಗೆ ನಿಮ್ಮ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿದೆ.

ಪ್ರಶ್ನೆ: ನನ್ನ ತವರು ಪೊನ್ನಂಪೇಟೆ ಕಡೆ, ಗಂಡನ ಮನೆ ಶನಿವಾರಸಂತೆ ಕಡೆ. ತವರಿನ ಕಾಗದಗಳಲ್ಲಿ ಎಲ್ಲೆಲ್ಲಿಯೂ 'ಜಮ್ಮಾ', 'ಬಾಣೆ', 'ಪಟ್ಟೇದಾರ' ಎಂದಿದೆ. ಇಲ್ಲಿಯ ಕಾಗದಗಳಲ್ಲಿ 'ಸಾಗು' ಎಂದಿದೆ. ಒಂದೇ ಜಿಲ್ಲೆಯಲ್ಲಿ ಹೀಗೇಕೆ? — ಶನಿವಾರಸಂತೆ

ಉತ್ತರ: ತಾಯಿ, ನಿಮ್ಮ ಎರಡು ಮನೆಗಳ ಕಾಗದವನ್ನು ಪಕ್ಕ ಪಕ್ಕ ಇಟ್ಟರೆ ಕೊಡಗಿನ ಆಡಳಿತ ಇತಿಹಾಸದ ಅರ್ಧ ಅದರಲ್ಲೇ ಸಿಗುತ್ತದೆ.

ಬ್ರಿಟಿಷರು ಕೊಡಗಿಗೆ ಬಂದಾಗ ಜಮೀನಿನ ಲೆಕ್ಕವನ್ನು ಹೊಸದಾಗಿ ಬರೆಯಲು ಹೋಗಲಿಲ್ಲ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನು ಮಾಡಿಸಿದ್ದ 'ಶಿಸ್ತು' ಎಂಬ ಅಳತೆ ಮತ್ತು ಕಂದಾಯದ ಲೆಕ್ಕ ಅವರ ಕೈಗೆ ಸಿದ್ಧವಾಗಿ ಸಿಕ್ಕಿತು. ಅಚ್ಚ ಕನ್ನಡದಲ್ಲಿ ಬರೆದ ಆ ಲೆಕ್ಕವನ್ನೇ ಅವರು ದಶಕಗಳ ಕಾಲ ಆಧಾರವಾಗಿ ಇಟ್ಟುಕೊಂಡರು. ಅದೇ ಅರಸನ ಹುಕುಂನಾಮೆಯೂ ಕನ್ನಡದಲ್ಲಿಯೇ ಇದೆ. ಹಾಲೇರಿ ಅರಸರ ಕಚೇರಿಯ ಭಾಷೆ ಕನ್ನಡವಾಗಿದ್ದುದರಿಂದ, ನಡೆನುಡಿಯಲ್ಲಿ ಬೇರೆಯಾಗಿದ್ದ ಬಡಗೂ ತೆಂಕೂ ಕಾಗದದಲ್ಲಿ ಮಾತ್ರ ಒಂದೇ ಲಿಪಿಯಲ್ಲಿ ದಾಖಲಾದವು.

ಆ ಲೆಕ್ಕದಲ್ಲಿ ಗದ್ದೆಯನ್ನು ಎಕರೆಯಲ್ಲಿ ಅಲ್ಲ, ಬಟ್ಟಿ ಎಂಬ ಭತ್ತದ ಅಳತೆಯಲ್ಲಿ ಅಳೆದಿದ್ದರು. ನೂರು ಬಟ್ಟಿ ಎಂದರೆ ಅಷ್ಟು ಭತ್ತ ಬೆಳೆಯುವಷ್ಟು ಗದ್ದೆ. ಜಮ್ಮಾ ಹಿಡುವಳಿ ಒಕ್ಕದ್ದು, ವಂಶಪಾರಂಪರ್ಯದ್ದು. ಅದನ್ನು ಮಾರುವಂತಿರಲಿಲ್ಲ, ಅದಕ್ಕೆ ಬದಲಾಗಿ ಅರಸನು ಕರೆದಾಗ ಕತ್ತಿ ಕೋವಿ ಹಿಡಿದು ಹೋಗಬೇಕಿತ್ತು, ದಾರಿ ಕಾಯಬೇಕಿತ್ತು, ಇನ್ನೂ ಬೇರೆ ಸೇವೆಗಳಿದ್ದವು. ಸೇವೆ ಇದ್ದುದರಿಂದ ಕಂದಾಯ ಅರ್ಧ: ನೂರು ಬಟ್ಟಿ ಜಮ್ಮಾ ಗದ್ದೆಗೆ 5 ರೂಪಾಯಿ. ಸೇವೆಯ ಕಟ್ಟು ಇಲ್ಲದ ಸಾಗು ಹಿಡುವಳಿಗೆ ಅದೇ ನೂರು ಬಟ್ಟಿಗೆ 10 ರೂಪಾಯಿ. ಜಮ್ಮಾ ಗದ್ದೆಗೆ ಅಂಟಿಕೊಂಡು, ಸೊಪ್ಪು ಸೌದೆ ಮೇವಿಗೆಂದು ಕಂದಾಯವಿಲ್ಲದೆ ಬಿಟ್ಟ ಎತ್ತರದ ಜಾಗವೇ ಬಾಣೆ. ಪಟ್ಟೇದಾರ ಎಂದರೆ ಒಕ್ಕದ ಪರವಾಗಿ ಯಾರ ಹೆಸರು ದಫ್ತರದಲ್ಲಿ ಇದೆಯೋ ಆ ಹಿರಿಯ, ಜಮೀನು ಅವನೊಬ್ಬನದಲ್ಲ.

ಏಳುಸಾವಿರ ಸೀಮೆಯ ರೈತರಲ್ಲಿ ಹೆಚ್ಚಿನವರು ಲಿಂಗಾಯತರು, ಒಕ್ಕಲಿಗರು ಮೊದಲಾದ ಕನ್ನಡ ಮಾತಾಡುವ ಒಕ್ಕಲು ಮಂದಿ. ಹಾಲೇರಿ ಅರಸರೊಂದಿಗೆ ಅವರಿಗಿದ್ದ ಸಂಬಂಧ ಕಂದಾಯ ಕಟ್ಟುವವರದು. ತೆಂಕಿನ ಒಕ್ಕಗಳಿಗಿದ್ದ ಕಾಳಗದ ಕರಾರು ಬಹುಮಟ್ಟಿಗೆ ಅವರಿಗಿರಲಿಲ್ಲ. ಆದ್ದರಿಂದಲೇ ಇಲ್ಲಿ ಸಾಗು ಹೆಚ್ಚು. ಬಡಗಿನಲ್ಲಿ ಜಮ್ಮಾ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ. ಇದೆ, ಕೊಡವರಲ್ಲದ ಎಷ್ಟೋ ಮನೆತನಗಳಿಗೂ ಜಮ್ಮಾ ಇದೆ. ಆದರೆ ಒಟ್ಟು ಚಿತ್ರ ನೀವು ಗಮನಿಸಿದಂತೆಯೇ. 1899ರ ಭೂಕಂದಾಯ ರೆಗ್ಯುಲೇಷನ್ ಈ ಹಳೆಯ ಹಿಡುವಳಿಗಳನ್ನೆಲ್ಲ ಕಾನೂನಿನ ಭಾಷೆಗೆ ಇಳಿಸಿತು. ಆ ಭಾಷೆಯ ಸಿಕ್ಕುಗಳನ್ನು ಬಿಡಿಸುವ ಕೆಲಸ ನಮ್ಮ ತಲೆಮಾರಿನ ವಕೀಲರವರೆಗೂ ಬಂದಿದೆ. ತವರಿನ ಪಹಣಿಯಲ್ಲಿ ನಿಮ್ಮ ತಂದೆಯ ಹೆಸರಿನ ಬದಲು ಇನ್ನಾರೋ ಪಟ್ಟೇದಾರರ ಹೆಸರು ಕಂಡು ಗಾಬರಿಯಾಗಿದ್ದರೆ, ಅದಕ್ಕೆ ಕಾರಣವೂ ಇದೇ.

ಪ್ರಶ್ನೆ: ಟಿಪ್ಪು ಹುಟ್ಟಿದ ಸುದ್ದಿ ಕೇಳಿ ಹೈದರಾಲಿ ಸಂತೋಷದಿಂದ ಕುಶಾಲನಗರ ಎಂದು ಹೆಸರಿಟ್ಟನಂತೆ, ನಿಜವೇ? — ಕೂಡಿಗೆ

ಉತ್ತರ: ಕತೆ ಸೊಗಸಾಗಿದೆ, ಲೆಕ್ಕ ಕೂಡುವುದಿಲ್ಲ. ಟಿಪ್ಪು ಹುಟ್ಟಿದ್ದು 18ನೇ ಶತಮಾನದ ಮಧ್ಯದಲ್ಲಿ, ದೇವನಹಳ್ಳಿಯಲ್ಲಿ. ಹೈದರಾಲಿಯು ಕೊಡಗಿನ ಗಡಿಯ ತನಕ ಕೈ ಚಾಚಿದ್ದು ಅದಾದ ಹತ್ತು ವರ್ಷಗಳ ಮೇಲೆ. 1834ರ ನಂತರ ಕರ್ನಲ್ ಫ್ರೇಸರ್ ಹೆಸರಿನಲ್ಲಿ ಇದನ್ನು ಫ್ರೇಸರ್‌ಪೇಟೆ ಎಂದು ಕರೆದದ್ದು ಮಾತ್ರ ಖಚಿತ, ಸ್ವಾತಂತ್ರ್ಯದ ನಂತರ ಹಳೆಯ ಹೆಸರು ಮರಳಿತು. ಇನ್ನು ಸೋಮವಾರಪೇಟೆ, ಶನಿವಾರಸಂತೆಗಳ ಹೆಸರಿಗೆ ಯಾವ ಅರಸನ ಸಂತೋಷವೂ ಬೇಕಾಗಲಿಲ್ಲ. ಸಂತೆ ಕೂಡುವ ವಾರವೇ ಸಾಕಾಯಿತು.

ಪ್ರಶ್ನೆ: ನಮ್ಮ ಸುಳ್ಯವೂ ಒಂದು ಕಾಲದಲ್ಲಿ ಕೊಡಗಿಗೆ ಸೇರಿತ್ತು. 1834ರಲ್ಲಿ ಸುಳ್ಯವನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಕೊಟ್ಟ ಬ್ರಿಟಿಷರು, ನಡುವೆ ಬಂದು ಸೇರಿದ ಏಳುಸಾವಿರ ಸೀಮೆಯನ್ನು ಮಾತ್ರ ಏಕೆ ಉಳಿಸಿಕೊಂಡರು? ಅದನ್ನು ಮೈಸೂರಿಗೆ ಕೊಡಬಹುದಿತ್ತಲ್ಲ? — ಸುಳ್ಯ

ಉತ್ತರ: ಒಳ್ಳೆಯ ಪ್ರಶ್ನೆ, ಸ್ವಲ್ಪ ಕಹಿಯೂ ಇದೆ, ಆ ಕಹಿಗೆ ಕಾರಣವಿದೆ ಎಂಬುದನ್ನು ಒಪ್ಪುತ್ತೇನೆ. ಅಮರ ಸುಳ್ಯ, ಪಂಜ, ಬೆಳ್ಳಾರೆ ಮೊದಲಾದ ಘಟ್ಟದ ಕೆಳಗಿನ ಮಾಗಣೆಗಳು (ಹಳ್ಳಿಗಳ ಗುಂಪುಗಳು) ಮಂಗಳೂರಿನ ಕಲೆಕ್ಟರ್ ಕೈಗೆ, ಅಂದರೆ ಮದರಾಸು ಆಧಿಪತ್ಯದ ಆಡಳಿತಕ್ಕೆ ಹೋದವು. ಹಾಲೇರಿ ಅರಸರಿಗೆ ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ಅಲ್ಲಿನ ರೈತರು ಒಮ್ಮೆಗೇ ನಗದಿನಲ್ಲಿ ಕಟ್ಟಬೇಕಾಯಿತು. ಕೈಯಲ್ಲಿ ನಾಣ್ಯವಿಲ್ಲದವನಿಗೆ ಇದು ಕಂದಾಯವನ್ನು ಹೆಚ್ಚಿಸಿದಂತೆಯೇ. 1837ರಲ್ಲಿ, ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನವರೆಗೂ ಮುಟ್ಟಿದ್ದಕ್ಕೆ ಮುಖ್ಯ ಕಾರಣ ಈ ಕಚೇರಿ ಬದಲಾವಣೆ. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಬಡಗಿನ ಸೀಮೆಗೆ ಈ ಗತಿ ಬಾರದಿರಲು ಕಾರಣ ದಯೆಯಲ್ಲ ಎಂಬುದು ನನ್ನ ಊಹೆ. 1831ರಿಂದಲೇ ಮೈಸೂರಿನ ಆಡಳಿತವೂ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1834ರಿಂದ ಕೊಡಗೂ ಅದೇ ಕಮಿಷನರ್ ಕೈಕೆಳಗೆ ಬಂತು. ಹೇಮಾವತಿಯ ಆಚೆ ದಡವೂ ಈಚೆ ದಡವೂ ಒಬ್ಬನೇ ಅಧಿಕಾರಿಗೆ ವರದಿ ಮಾಡುತ್ತಿರುವಾಗ ಗೆರೆಯನ್ನು ಅತ್ತಿತ್ತ ಎಳೆಯುವ ತುರ್ತು ಯಾರಿಗೂ ಇರಲಿಲ್ಲ. ಸುಳ್ಯವೋ, ಘಟ್ಟ ಇಳಿದ ಮೇಲೆ ಸಿಗುವ ನೆಲ. ಮಂಗಳೂರಿನ ಕಚೇರಿಗೆ ಅದು ಹತ್ತಿರ, ಮಡಿಕೇರಿಗೆ ಮಳೆಗಾಲದಲ್ಲಿ ಅದು ದೂರ. ಅಧಿಕಾರಿಗಳ ನಕ್ಷೆಯಲ್ಲಿ ಘಟ್ಟವೇ ದೊಡ್ಡ ಗೆರೆಯಾಯಿತು. ಆ ಗೆರೆಯ ಎರಡೂ ಬದಿಯಲ್ಲಿ ಅರೆಭಾಷೆಯಾಡುವ ಒಂದೇ ಬಳಗದ ಗೌಡ ಮನೆತನಗಳು ಇದ್ದವು ಎಂಬುದು ಆ ನಕ್ಷೆಯಲ್ಲಿ ಕಾಣುತ್ತಿರಲಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಕೊಡಗು 'ಸಿ' ರಾಜ್ಯವಾಗಿದ್ದ ಕಾಲದ ವಿವರಗಳನ್ನೂ ತಾಲ್ಲೂಕುಗಳ ಈಗಿನ ವ್ಯವಸ್ಥೆಯನ್ನೂ ಸ್ಪಷ್ಟವಾಗಿ ತಿಳಿಸಿ. ಒಂದೊಂದು ಪುಸ್ತಕದಲ್ಲಿ ಒಂದೊಂದು ರೀತಿ ಇದೆ. — ಮಡಿಕೇರಿ

ಉತ್ತರ: ನಿಮಗೆ ಬೇಕಾದ ವಿವರಗಳಿಗೆ ಒಂದು ಹಿನ್ನೆಲೆ ಇದೆ. 1924ರಲ್ಲಿಯೇ ಕೊಡಗಿಗೆ ಒಂದು ಶಾಸನ ಪರಿಷತ್ತು ಬಂದಿತ್ತು. 20 ಸದಸ್ಯರು, ಅವರಲ್ಲಿ 15 ಜನ ಚುನಾಯಿತರು, 5 ಜನ ನಾಮಕರಣಗೊಂಡವರು. ಸ್ವಾತಂತ್ರ್ಯದ ಹೊತ್ತಿಗೆ ಕೊಡಗಿನವರೇ ಆದ ಕೇಟೋಳಿ ಚೆಂಗಪ್ಪ ಚೀಫ್ ಕಮಿಷನರ್ ಆಗಿದ್ದರು. 1950ರ ಜನವರಿ 26ರಂದು ಸಂವಿಧಾನ ಜಾರಿಯಾದಾಗ ಕೊಡಗು 'ಸಿ' ದರ್ಜೆಯ, ಅಂದರೆ ಕೇಂದ್ರದ ಹತೋಟಿಯಲ್ಲಿದ್ದ ಚಿಕ್ಕ ರಾಜ್ಯಗಳಲ್ಲಿ ಒಂದಾಯಿತು. ಮೊದಲ ಮಹಾಚುನಾವಣೆಯಲ್ಲಿ ವಿಧಾನಸಭೆಗೆ 24 ಸ್ಥಾನಗಳು. 15 ಕಾಂಗ್ರೆಸ್ಸಿಗೆ ಹೋದವು. ಮೈಸೂರಿನೊಂದಿಗೆ ಸೇರುವುದನ್ನು ವಿರೋಧಿಸಿದ ಪಂದ್ಯಂಡ ಬೆಳ್ಯಪ್ಪನವರ ಗುಂಪನ್ನು ಜನ ಅದರ ಚಿಹ್ನೆಯಿಂದ 'ತಕ್ಕಡಿ ಪಕ್ಷ' ಎಂದು ಕರೆಯುತ್ತಿದ್ದರು. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 2,29,405. ಅಂದರೆ ಒಬ್ಬ ಶಾಸಕನಿಗೆ ಹತ್ತು ಸಾವಿರಕ್ಕಿಂತಲೂ ಕಡಿಮೆ ಜನ. ಅಂದು ಕೊಡ್ಲಿಪೇಟೆಯ ರೈತನಿಗೆ ತನ್ನ ಶಾಸಕ ಸಂತೆಯಲ್ಲಿ ಎದುರಾಗುತ್ತಿದ್ದಿರಬೇಕು.

1952ರ ಮಾರ್ಚ್‌ನಲ್ಲಿ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, ಅವರ ಸಂಪುಟದಲ್ಲಿ ಇದ್ದದ್ದು ಇನ್ನೊಬ್ಬರೇ ಮಂತ್ರಿ, ಕುಟ್ಟೂರು ಮಲ್ಲಪ್ಪ. ಲೋಕಸಭೆಗೆ ಕೊಡಗಿನಿಂದ ಒಂದೇ ಸ್ಥಾನ, ಗೆದ್ದವರು ನಿಡ್ಯಮಲೆ ಸೋಮಣ್ಣ. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ನಂತರ 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದ ಜಿಲ್ಲೆಯಾಯಿತು. ಪರೀಕ್ಷೆಗೆ ಇಷ್ಟು ಸಾಕು.

ತಾಲ್ಲೂಕುಗಳ ವಿಷಯದಲ್ಲಿ ಪುಸ್ತಕಗಳು ಜಗಳವಾಡುವುದಕ್ಕೆ ಕಾರಣ, ಅವು ಬೇರೆ ಬೇರೆ ಕಾಲದಲ್ಲಿ ಬರೆದವು. ವಿಲೀನದ ನಂತರದ ಕೊಡಗಿನಲ್ಲಿ ಮೂರು ತಾಲ್ಲೂಕುಗಳು: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ. ಪೊನ್ನಂಪೇಟೆ ಮತ್ತು ಕುಶಾಲನಗರ ತಾಲ್ಲೂಕುಗಳ ಬೇಡಿಕೆ ಹಲವು ವರ್ಷಗಳದು; 2019ರಲ್ಲಿ ಸರ್ಕಾರದ ಘೋಷಣೆಯಾಗಿ, ಮುಂದಿನ ಎರಡು ವರ್ಷಗಳಲ್ಲಿ ಅವು ಕಾರ್ಯ ಆರಂಭಿಸಿದವು. ಈಗ ಐದು ತಾಲ್ಲೂಕುಗಳು. ನೂರು ವರ್ಷಗಳ ಹಿಂದೆಯೂ ಐದೇ ಇದ್ದವು ಎಂಬುದನ್ನು ಮೇಲಿನ ಉತ್ತರದಲ್ಲಿ ನೋಡಿದ್ದೀರಿ. ಪೊನ್ನಂಪೇಟೆ ಬಹುಮಟ್ಟಿಗೆ ಹಳೆಯ ಕಿಗ್ಗಟ್ಟುನಾಡೇ. ಆದರೆ ಬಡಗಿನಲ್ಲಿ ಗೆರೆ ಹಳೆಯ ಜಾಗಕ್ಕೆ ಮರಳಲಿಲ್ಲ. ಸೋಮವಾರಪೇಟೆ ತಾಲ್ಲೂಕಿನ ಆರು ಹೋಬಳಿಗಳಲ್ಲಿ ಕುಶಾಲನಗರ ಮತ್ತು ಸುಂಟಿಕೊಪ್ಪ ಹೊಸ ತಾಲ್ಲೂಕಿಗೆ ಹೋದವು. ಸೋಮವಾರಪೇಟೆ, ಶಾಂತಳ್ಳಿ, ಶನಿವಾರಸಂತೆ, ಕೊಡ್ಲಿಪೇಟೆ ನಾಲ್ಕು ಹಳೆಯದರಲ್ಲಿ ಉಳಿದವು. ನಕ್ಷೆ ತೆಗೆದು ನೋಡಿದರೆ ಉಳಿದ ಭಾಗ ಸುಮಾರಾಗಿ ಆ ಏಳುಸಾವಿರ ಸೀಮೆಯನ್ನೇ ಹೋಲುತ್ತದೆ, ಚೆಂಗಾಳ್ವರ ನಂಜರಾಯಪಟ್ಟಣ ಮಾತ್ರ ಬೇರೆಯಾಗಿದೆ. ಆದೇಶ ಹೊರಡಿಸಿದವರು 1870ರ ದಶಕದ ಆರು ತಾಲ್ಲೂಕುಗಳ ಪಟ್ಟಿಯನ್ನು ನೋಡಿರಲಿಕ್ಕಿಲ್ಲ.

ವಿಧಾನಸಭಾ ಕ್ಷೇತ್ರಗಳಿಗೆ ಈ ಭಾಗ್ಯ ಬರಲಿಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಇಲ್ಲವಾಗಿ ಜಿಲ್ಲೆಗೆ ಮಡಿಕೇರಿ ಮತ್ತು ವಿರಾಜಪೇಟೆ ಎರಡೇ ಉಳಿದವು. ಅದುವರೆಗೆ ಮಂಗಳೂರಿನ ಜೊತೆಗಿದ್ದ ಲೋಕಸಭಾ ಮತ ಅದೇ ವರ್ಷ ಮೈಸೂರಿನ ಕಡೆಗೆ ತಿರುಗಿತು. ಪರೀಕ್ಷೆಯಲ್ಲಿ 'ಕೊಡಗಿನ ವಿಧಾನಸಭಾ ಕ್ಷೇತ್ರಗಳೆಷ್ಟು' ಎಂಬ ಪ್ರಶ್ನೆ ಬಂದರೆ ಯಾವ ವರ್ಷದ ಬಗ್ಗೆ ಕೇಳಿದ್ದಾರೆ ಎಂಬುದನ್ನು ಮೊದಲು ನೋಡಿಕೊಳ್ಳಿ: 1952ಕ್ಕೆ 24 ಸ್ಥಾನ, 2008ಕ್ಕೆ ಮುಂಚೆ ಮೂರು, ಈಗ ಎರಡು.

ಪ್ರಶ್ನೆ: ಹಳೆಯ ಏಳುಸಾವಿರ ಸೀಮೆಯ ಜಮೀನಿಗೆ ಸಂಬಂಧಿಸಿದ ನಕಲು ಬೇಕಾದರೆ ಯಾವ ಹೆಸರಿನಲ್ಲಿ ಹುಡುಕಬೇಕು? ಕಚೇರಿಯಲ್ಲಿ ಕೇಳಿದರೆ 'ಅಂಥ ತಾಲ್ಲೂಕೇ ಇಲ್ಲ' ಎಂದು ಕಳಿಸಿದರು. — ಸೋಮವಾರಪೇಟೆ

ಉತ್ತರ: ಕಚೇರಿಯವರು ಹೇಳಿದ್ದು ಇಂದಿನ ಮಟ್ಟಿಗೆ ನಿಜ. ಕಾಗದ 20ನೇ ಶತಮಾನಕ್ಕಿಂತ ಹಿಂದಿನದಾದರೆ ತಾಲ್ಲೂಕು 'ಏಳುಸಾವಿರ ಸೀಮೆ' ಎಂದೂ, ಅನಂತರದ ದಶಕಗಳದ್ದಾದರೆ 'ನಂಜರಾಜಪಟ್ಟಣ' ಎಂದೂ, ವಿಲೀನದ ನಂತರದ್ದಾದರೆ 'ಸೋಮವಾರಪೇಟೆ' ಎಂದೂ ಅರ್ಜಿಯಲ್ಲಿ ಬರೆಯಿರಿ. ಅದರ ಜೊತೆಗೆ ಹಳೆಯ ಹೋಬಳಿಯ ಹೆಸರನ್ನು, ಕೊಡ್ಲಿಯೋ ಬಿಳಹವೋ ನಿಡ್ತವೋ ಎಂಬುದನ್ನು, ತಪ್ಪದೆ ಸೇರಿಸಿ. ಗ್ರಾಮದ ಹೆಸರನ್ನು ಹಳೆಯ ರಸೀದಿಯಲ್ಲಿ ಇರುವ ಕಾಗುಣಿತದಂತೆಯೇ ಬರೆಯಿರಿ. ಇಂದಿನ ಬೋರ್ಡಿನ ಮೇಲಿನ ಹೆಸರು ಎಷ್ಟೋ ಕಡೆ ಅಂದಿನದಲ್ಲ. ರಸೀದಿಯೇ ಇಲ್ಲದಿದ್ದರೆ ಊರಿನ ಹಿರಿಯ ಶಾನುಭೋಗ ಮನೆತನದವರನ್ನು ಒಮ್ಮೆ ಕಂಡು ಕೇಳಿ. ಮೇಲಿನ ಪ್ರಶ್ನೆ ಕೇಳಿದ, ಪೆಟ್ಟಿಗೆಯಲ್ಲಿ ರಸೀದಿ ಇಟ್ಟುಕೊಂಡ ಓದುಗರೂ ನಿಮ್ಮ ಊರಿನವರೇ. ಅವರು ಒಪ್ಪಿದರೆ ನಿಮ್ಮ ಪತ್ರವನ್ನು ಅವರಿಗೆ ತಲುಪಿಸುತ್ತೇನೆ.